ಸರಕಾರಿ ಬಾವಿಯ ಮೇಲ್ಬದಿಯ ಫ್ಲ್ಯಾಟು

ನಾನು ಒಂದು ಅವಧಿಗೆ ಪಂಚಾಯತ್ ಸದಸ್ಯೆಯಾಗಿದ್ದೆ ಎಂದರೆ ನನ್ನ ಟೈಲರಿಂಗ್ ಅಂಗಡಿಗೆ ಬರುವ ಹುಡುಗಿಯರು ಈಗ ನಂಬುವುದಿಲ್ಲ. ಆ ಸಲ ನಮ್ಮ ವಾರ್ಡು ಮಹಿಳೆಗೆ ಮೀಸಲಾಗಿತ್ತು. ಊರಿನ ಹೆಂಗಸರೆಲ್ಲರ ರವಿಕೆಯ ಅಳತೆ ಗೊತ್ತಿದ್ದವಳು ಅಂತ ಗೆದ್ದೆ ನೀನು, ಎಂದು ನನ್ನ ಗಂಡ ತಮಾಷೆ ಮಾಡುತ್ತಿದ್ದರು. ದಾರಿದೀಪ, ಚರಂಡಿ, ರೇಶನ್ ಕಾರ್ಡು, ಇಷ್ಟರಲ್ಲೇ ಐದು ವರ್ಷ ಮುಗಿಯುತ್ತದೆ ಎಂದುಕೊಂಡಿದ್ದೆ. ನೀರಿನ ವಿಷಯದಲ್ಲಿ ನೆರೆಮನೆಯವನ ಎದುರೇ ನಿಲ್ಲಬೇಕಾದೀತು ಎಂಬ ಯೋಚನೆ ಇರಲಿಲ್ಲ.

ನಮ್ಮದು ಮಡಂತ್ಯಾರಿನಿಂದ ಸ್ವಲ್ಪ ಒಳಗೆ. ರಸ್ತೆ ತಿರುಗುವಲ್ಲಿ, ಗುಡ್ಡೆ ಇಳಿದು ಬರುವ ಬುಡದಲ್ಲಿ ಪಂಚಾಯತಿನ ಬಾವಿ ಉಂಟು. ಎಲ್ಲರೂ ಅದನ್ನು ಸರಕಾರಿ ಬಾವಿ ಎನ್ನುತ್ತಾರೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಊರಿನ ಪರಿಚಯವಾದದ್ದು ಮನೆಯ ಜಗಲಿಯಲ್ಲಲ್ಲ, ಆ ಬಾವಿಯ ಕಟ್ಟೆಯಲ್ಲಿ. ಬೆಳಿಗ್ಗೆ ರಾಟೆ ಕಿರ್ರೆನ್ನಲು ಶುರುವಾದರೆ ಬಿಸಿಲೇರುವವರೆಗೆ ನಿಲ್ಲುತ್ತಿರಲಿಲ್ಲ. ಯಾರ ಮನೆಯಲ್ಲಿ ದನ ಕರು ಹಾಕಿತು, ಯಾರ ಗಂಡ ದುಬೈಯಿಂದ ಬರುತ್ತಾನೆ, ಯಾರ ಅತ್ತೆಗೆ ಸಿಟ್ಟು, ಎಲ್ಲ ಸುದ್ದಿಯೂ ಕೊಡಪಾನ ತುಂಬುವುದರೊಳಗೆ ಸಿಗುತ್ತಿತ್ತು. ಏಪ್ರಿಲಿನಲ್ಲಿ ನೀರು ತಳಕ್ಕೆ ಹೋದಾಗ ಹಗ್ಗ ಕೈ ಕೊಯ್ಯುತ್ತಿತ್ತು. ಆಗಲೂ ನಗು ಕಡಿಮೆಯಾಗುತ್ತಿರಲಿಲ್ಲ.

ಅಲ್ಲಿ ನನ್ನನ್ನು ಮೊದಲು ಮಾತಾಡಿಸಿದವರು ಎದುರುಮನೆಯ ಬ್ಯಾರಿಗಳ ಹಿರಿಯ ಹೆಂಗಸು. ಅವರ ಮಕ್ಕಳು ಕರೆಯುತ್ತಿದ್ದ ಹಾಗೆ ನಾವೂ ಅವರನ್ನು ಉಮ್ಮ ಎಂದೇ ಕರೆಯುತ್ತಿದ್ದೆವು. ಹೊಸ ಮದುಮಗಳು ಹಗ್ಗವನ್ನು ಬಾವಿಗೇ ಬಿಟ್ಟುಬಿಟ್ಟದ್ದನ್ನು ನೋಡಿ, ಯಾರಿಗೂ ಹೇಳದೆ ತಮ್ಮ ಮನೆಯಿಂದ ಪಾತಾಳಗರಡಿ ತಂದು ಕೊಡಪಾನ ಎತ್ತಿ ಕೊಟ್ಟವರು. ಉಪವಾಸದ ತಿಂಗಳಲ್ಲಿ ಅವರಿಗೆ ಸಂಜೆಯ ಕೆಲಸ ಜಾಸ್ತಿ ಎಂದು ನಾನೂ ನಾಲ್ಕು ಕೊಡ ಎಳೆದು ಅವರ ಅಡುಗೆಮನೆಯ ಬಾಗಿಲಿಗೆ ಇಡುತ್ತಿದ್ದೆ. ಖಾಲಿ ಕೊಡದೊಳಗೆ ಒಂದು ಪೊಟ್ಟಣ ಸಮೋಸ ಇಟ್ಟು ವಾಪಸು ಕಳಿಸುತ್ತಿದ್ದರು.

ಅವರ ದೊಡ್ಡ ಮಗ ಸೌದಿಯ ದಮಾಮಿನಲ್ಲಿ ತುಂಬ ವರ್ಷ ದುಡಿದು ಊರಿಗೆ ಬಂದ. ವಯಸ್ಸಿನಲ್ಲಿ ನನಗಿಂತ ಸಣ್ಣವನು, ನನ್ನನ್ನು ಅಕ್ಕ ಎನ್ನುತ್ತಿದ್ದ. ಸರಕಾರಿ ಬಾವಿಯ ಮೇಲ್ಬದಿಯಲ್ಲಿದ್ದ ತಮ್ಮ ಜಾಗದಲ್ಲಿ ಎರಡು ಮಾಳಿಗೆಯ ಫ್ಲ್ಯಾಟು ಕಟ್ಟುತ್ತೇನೆ, ಎಂಟು ಮನೆ ಮಾಡಿ ಬಾಡಿಗೆಗೆ ಕೊಡುತ್ತೇನೆ ಎಂದ. ನಮಗೆಲ್ಲ ಸಂತೋಷವೇ ಆಯಿತು.

ಅರ್ಜಿ ಪಂಚಾಯತಿಗೆ ಬಂತು. ಆಗ ಪಿಡಿಒ ಆಗಿದ್ದವರು ಗದಗದ ಕಡೆಯ ಒಬ್ಬರು ಹೆಂಗಸು. ಅವರ ಕನ್ನಡ ನಮ್ಮ ಸದಸ್ಯರಿಗೆ ಅರ್ಧ ಅರ್ಥವಾಗುತ್ತಿರಲಿಲ್ಲ, ನಮ್ಮ ತುಳು ಅವರಿಗೆ ಪೂರ್ತಿ ಅರ್ಥವಾಗುತ್ತಿರಲಿಲ್ಲ. ಅವರು ಅರ್ಜಿ ನೋಡಿ ನನ್ನನ್ನು ಕರೆದರು.

“ಅಕ್ಕಾರ, ನಮ್ಮ ನಳದ ಲೈನಿಗೆ ಇನ್ನೂ ಎಂಟು ಮನಿ ಸೇರಿಸಾಕ ಆಗೂದಿಲ್ಲ. ನೀರು ಅವರ ಸ್ವಂತದ್ದ ತೋರಿಸಬೇಕು. ಬೋರ್‌ವೆಲ್ ಅಂತ ಬರದಾರ. ಕೆಳಗ ಸರಕಾರಿ ಬಾವಿ ಐತಿ. ತಾಲೂಕಿನ ಪರವಾನಿಗಿ ಬರೂತನಕ ಕೊರಿಯೂ ಹಂಗಿಲ್ಲ ಅಂತ ನೀವ ಹೇಳ್ರಿ. ನಿಮ್ಮ ಮನಿ ಮಂದಿ ಇದ್ದಂಗ ಅಲ್ಲೇನು ಅವರು?”

ನಾನು ಹೋಗಿ ಹೇಳಿದೆ. ಅವನು ನಕ್ಕು, “ಆಯ್ತಕ್ಕ, ನೀವು ಹೇಳಿದ ಮೇಲೆ ಮುಗಿಯಿತಲ್ಲ,” ಎಂದ.

ಆಮೇಲೆ ಒಂದು ದಿನ ಮೂಡುಬಿದಿರೆಯಲ್ಲಿ ನಮ್ಮ ಸಂಬಂಧಿಕರ ಮದುವೆ. ಊಟ ಮುಗಿಸಿ, ಸಿದ್ಧಕಟ್ಟೆಯಲ್ಲಿ ಬಸ್ಸು ಬದಲಾಯಿಸಿ, ಸಂಜೆ ಊರಿಗೆ ಬಂದಿಳಿದರೆ ರಸ್ತೆಯ ತುಂಬ ಬೂದುಬಣ್ಣದ ಕೆಸರು. ನಮ್ಮ ಕೆಂಪು ಮಣ್ಣಿನಲ್ಲಿ ಆ ಬಣ್ಣ ಬರಬೇಕಾದರೆ ಅಡಿಯ ಕರಿಕಲ್ಲು ಪುಡಿಯಾಗಿ ಮೇಲೆ ಬರಬೇಕು. ಬೋರ್‌ವೆಲ್ ಲಾರಿ ಬಂದು ಕೊರೆದು ಹೋಗಿಯೂ ಆಗಿತ್ತು. ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಆ ಕೆಸರು ದಾಟುವಾಗ ನನಗೆ ಅಳು ಬಂದ ಹಾಗಾಯಿತು. ಅವನು ಗೇಟಿನ ಹತ್ತಿರವೇ ನಿಂತಿದ್ದ.

“ಏನು ಮಾರಾಯ, ನಾನು ಮನೆಯಲ್ಲಿಲ್ಲದ ದಿನ ನೋಡಿಯೇ ಮಾಡಿಸಿದ್ದಾ?”

“ಹಾಗಲ್ಲ ಅಕ್ಕ. ಲಾರಿ ಸಿಗುವುದೇ ಕಷ್ಟ. ಒಳ್ಳೆ ನೀರು ಬಂದಿದೆ. ಬೇಕಾದರೆ ನಿಮಗೂ ಒಂದು ಪೈಪು ಕೊಡ್ತೇನೆ.”

ಕೊನೆಯ ಮಾತು ನನ್ನನ್ನು ತುಂಬ ನೋಯಿಸಿತು. ಮರುದಿನ ನಾನೇ ಪಿಡಿಒ ಅವರಿಗೆ ವಿಷಯ ತಿಳಿಸಿದೆ. ಅವರು ಕೆಲಸ ನಿಲ್ಲಿಸಲು ನೋಟಿಸು ಕೊಟ್ಟರು. ಬೇಸಿಗೆಯಲ್ಲೇ ಪಂಪು ಓಡಿಸಿ ನೋಡುವ, ಬಾವಿಗೆ ತೊಂದರೆ ಇಲ್ಲದಿದ್ದರೆ ಯಾರ ತಕರಾರೂ ಇಲ್ಲ ಎಂದು ಸಭೆಯಲ್ಲಿ ತೀರ್ಮಾನವಾಯಿತು. ಅವನೂ ಒಪ್ಪಿದ. ತನ್ನ ಬೋರು ಪಾತಾಳದ ನೀರು ಎಳೆಯುತ್ತದೆ, ಮೇಲಿನ ಬಾವಿಗೂ ಅದಕ್ಕೂ ಸಂಬಂಧವೇ ಇಲ್ಲ ಎಂದು ಅವನಿಗೆ ಧೈರ್ಯ.

ಪರೀಕ್ಷೆಯ ದಿನ ಬೆಳಿಗ್ಗೆ ಪಂಪು ಶುರು ಮಾಡಿದರು. ಅಂತರ್ಜಲ ಇಲಾಖೆಯಿಂದ ಒಬ್ಬರು ಬಂದು ಬಾವಿಗೆ ಟೇಪು ಇಳಿಸಿ ನೋಡುತ್ತಿದ್ದರು. ನಾವು ಹೆಂಗಸರೆಲ್ಲ ಕಟ್ಟೆಯ ಸುತ್ತ ನಿಂತಿದ್ದೆವು. ಸ್ವಲ್ಪ ಹೊತ್ತಿನಲ್ಲಿ ಉಮ್ಮ ಬಂದರು, ಹಿಂದಿನಿಂದ ಸೊಸೆ ಒಂದು ಪ್ಲಾಸ್ಟಿಕ್ ಕುರ್ಚಿ ಹಿಡಿದುಕೊಂಡು. ಮಗನ ಪರವಾಗಿ ನಮ್ಮಲ್ಲಿ ಮಾತಾಡಲು ಬಂದಿದ್ದಾರೆ ಎಂದುಕೊಂಡೆ. ಆದರೆ ಉಮ್ಮ ಕೊಡೆ ಬಿಡಿಸಿ, ಕುರ್ಚಿಯನ್ನು ಕಟ್ಟೆಗೆ ತಾಗಿಸಿ ಇಡಿಸಿ, ನಮ್ಮ ಜೊತೆ ಕೂತರು. ಬಿಸಿಲೇರಿದ ಹಾಗೆ ಹಳೆಯ ಮಾತು ಶುರುವಾಯಿತು. ನಾನು ಹಗ್ಗ ಬಿಟ್ಟದ್ದನ್ನು ಅವರು ಎಲ್ಲರಿಗೂ ಅಭಿನಯಿಸಿ ತೋರಿಸಿದರು. ಇಲಾಖೆಯವರೂ ನಕ್ಕರು. ಪಿಡಿಒ ಮನೆಯಿಂದ ತಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ಎಲ್ಲರಿಗೂ ಮುರಿದು ಕೊಟ್ಟರು. ಅದೊಂದು ಪಿಕ್ನಿಕ್ಕಿನ ಹಾಗಿತ್ತು ಎಂದು ಈಗ ಅನಿಸುತ್ತದೆ.

ಮಧ್ಯಾಹ್ನ ಕಳೆದ ಮೇಲೆ ನಗು ನಿಂತಿತು. ಯಾವ ಬೇಸಿಗೆಯಲ್ಲೂ ನಾವು ಕಾಣದಿದ್ದ ತಳದ ಬಂಡೆ, ಹಾವಸೆ ಹಿಡಿದ ಬೆನ್ನು ತೋರಿಸಿಕೊಂಡು ನೀರಿನಿಂದ ಮೇಲೆ ಬಂತು. ಅವನು ಬಗ್ಗಿ ನೋಡಿದ, ನೋಡಿ ಹಿಂದೆ ಸರಿದ. ಆಗ ಉಮ್ಮ ಎದ್ದರು.

“ಮೋನೇ, ಪಂಪು ನಿಲ್ಲಿಸು,” ಎಂದರು. “ನಿನ್ನ ಬಾಪ ಸತ್ತ ದಿನ ಮಯ್ಯತ್ತು ಮೀಯಿಸಲು ನೀರು ಬೇಕಾದಾಗ ಇದೇ ಬಾವಿಯಿಂದ ಈ ಅಕ್ಕನ ಅತ್ತೆ ಎಳೆದು ಕೊಟ್ಟದ್ದು. ಇದನ್ನು ಒಣಗಿಸಿ ಕಟ್ಟಿದ ಮನೆಗೆ ನಾನು ಕಾಲಿಡುವುದಿಲ್ಲ.”

ಅವನೇ ಹೋಗಿ ಪಂಪು ನಿಲ್ಲಿಸಿದ. ಆದರೆ ನನ್ನ ಜೊತೆ ಮಾತು ಬಿಟ್ಟ. ಆ ಇಡೀ ಮಳೆಗಾಲ ಎದುರು ಸಿಕ್ಕಿದರೂ ಕೊಡೆ ಅಡ್ಡ ಹಿಡಿದು ಹೋಗುತ್ತಿದ್ದ. ನನ್ನ ಅಂಗಡಿಗೆ ಬಟ್ಟೆ ಕೊಡುತ್ತಿದ್ದ ಅವನ ಹೆಂಡತಿಯೂ ಬರುವುದು ನಿಲ್ಲಿಸಿದಳು. ಉಮ್ಮ ಮಾತ್ರ ಮೊದಲಿನ ಹಾಗೆಯೇ ಬಾವಿಗೆ ಬರುತ್ತಿದ್ದರು. ಮಗನ ಸುದ್ದಿ ತೆಗೆಯುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ.

ದಾರಿ ಹುಡುಕಿದ್ದು ಅವನೂ ಪಿಡಿಒ ಅವರೂ ಕೂತು ಮಾತಾಡಿಯೇ. ಬೋರು ಮುಚ್ಚುವುದು, ಗುಡ್ಡೆಯ ಆಚೆ ಮಗ್ಗುಲಲ್ಲಿರುವ ಉಮ್ಮನ ಮನೆಯವರದೇ ಜಾಗದಲ್ಲಿ ತೆರೆದ ಬಾವಿ ತೋಡುವುದು, ಮಾಡಿನ ಮಳೆನೀರನ್ನೆಲ್ಲ ಸೋಸಿ ಅದಕ್ಕೇ ಬಿಡುವುದು. ಎಂಟು ಮನೆಯ ಬದಲು ನಾಲ್ಕು. ಒಂದು ಬೇಸಿಗೆ ಆ ಬಾವಿ ತಡೆಯುತ್ತದೆಯೇ ಎಂದು ನೋಡಿ, ನೀರನ್ನು ಲ್ಯಾಬಿಗೆ ಕಳಿಸಿ ಕುಡಿಯಲು ಆಗುತ್ತದೆ ಎಂದಾದ ಮೇಲೆಯೇ ಡೋರ್ ನಂಬರ್. ಈ ಶರತ್ತುಗಳನ್ನು ಸಭೆಯಲ್ಲಿ ಓದುವಾಗ ಅವನು ಕಿಟಕಿಯ ಹೊರಗೆ ನೋಡುತ್ತಿದ್ದ. ಮುಗಿದ ಮೇಲೆ ನನ್ನ ಬಳಿ ಬಂದು, “ಬಾವಿಗೆ ಜಾಗ ನೋಡಲು ನೀವೂ ಬನ್ನಿ ಅಕ್ಕ, ಉಮ್ಮ ಹೇಳಿದ್ದಾರೆ,” ಎಂದ. ಉಮ್ಮ ಹೇಳಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಫ್ಲ್ಯಾಟು ಎದ್ದಿತು. ಕೆಳಗಿನ ಅಂತಸ್ತಿನ ಮನೆಯಲ್ಲಿ ಉಮ್ಮ ಇದ್ದರು. ನಲ್ಲಿ ತಿರುಗಿಸಿದರೆ ನೀರು ಬರುತ್ತಿದ್ದರೂ ಸಣ್ಣ ಕೊಡ ಹಿಡಿದು ಸರಕಾರಿ ಬಾವಿಗೆ ಬರುವುದನ್ನು ಅವರು ಬಿಡಲಿಲ್ಲ, ಮೊಣಕಾಲು ಪೂರ್ತಿ ಸೋಲುವವರೆಗೂ. ಅವರು ತೀರಿಹೋದದ್ದು ಒಂದು ಜುಲೈಯಲ್ಲಿ. ಅಷ್ಟರಲ್ಲಿ ನನ್ನ ಅವಧಿಯೂ ಮುಗಿದಿತ್ತು. ಮೀಸಲಾತಿ ಬದಲಾಗಿ ನಾನು ಹೊಲಿಗೆ ಮೆಶಿನಿಗೆ ಮರಳಿದ್ದೆ. ಪಿಡಿಒ ಅವರಿಗೆ ವರ್ಗವಾಯಿತು. ಈಗ ಮನೆಮನೆಗೆ ನಳ ಬಂದಿದೆ, ಬಾವಿಯ ಮೇಲೆ ಬಲೆ ಹಾಕಿದ್ದಾರೆ, ಕಟ್ಟೆಯಲ್ಲಿ ಯಾರೂ ಕೂರುವುದಿಲ್ಲ. ನೀರು ಎಳೆಯುವ ಕಷ್ಟ ತಪ್ಪಿದ್ದು ಒಳ್ಳೆಯದೇ. ಆದರೂ ನೆರೆಯವರ ಮನೆಯ ಸುದ್ದಿ ನನಗೆ ಈಗ ವಾಟ್ಸಾಪಿನಲ್ಲಿ ಸಿಗುತ್ತದೆ, ಬೇಜಾರಾಗುತ್ತದೆ.

ಹೋದ ವರ್ಷ ಗುಡ್ಡೆಯ ಆಚೆ, ಅವನ ಬಾವಿಗಿಂತ ಮೇಲೆ, ಹೊರಗಿನವರು ಯಾರೋ ಲೇಔಟ್ ಮಾಡಲು ಬಂದರು. ಗ್ರಾಮಸಭೆಯ ಬೆಳಿಗ್ಗೆ ಅವನು ಕಾರು ತಂದು ಅಂಗಡಿಯ ಎದುರು ನಿಲ್ಲಿಸಿದ.

“ಅಕ್ಕ, ಹೋಗುವ. ಅವರು ಬೋರ್‌ವೆಲ್ ಕೊರೀತಾರಂತೆ. ಮೊದಲು ಬೇಸಿಗೆಯಲ್ಲಿ ಪಂಪು ಓಡಿಸಿ ನೋಡಲಿ ಅಂತ ಹೇಳ್ಬೇಕು.”

ನನಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಸಭೆಯಲ್ಲಿ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ನಿಧಾನಕ್ಕೆ ಸರಿಯಾಗಿಯೇ ಮಾತಾಡಿದ. ಪರೀಕ್ಷೆ ಆಗಲಿ ಎಂದು ತೀರ್ಮಾನವಾಯಿತು. ಬರುವಾಗ ಮಡಂತ್ಯಾರಿನ ಹೋಟೆಲಿನಲ್ಲಿ ಗೋಳಿಬಜೆ ತಿಂದು ಚಾ ಕುಡಿದೆವು. ಆಗ ನೀವು ಆ ಬೋರನ್ನು ಓಡಿಸಲು ಬಿಟ್ಟಿದ್ದರೆ ಉಮ್ಮ ನನ್ನ ಕೈಯ ನೀರು ಕುಡಿಯುತ್ತಿರಲಿಲ್ಲ, ಎಂದ. ಮತ್ತೆ ಅವರ ಬಗ್ಗೆ, ಅವರ ಬೈಗುಳ, ಅವರ ಮೀನು ಸಾರು, ಕುರ್ಚಿಯಲ್ಲಿ ಕೂತು ನನ್ನನ್ನು ಅಭಿನಯಿಸಿದ್ದು ಎಲ್ಲ ಮಾತಾಡಿಕೊಂಡು, ಮನೆಗೆ ಹೊರಡುವ ನೆನಪೇ ಇಲ್ಲದ ಹಾಗೆ ಕೂತಿದ್ದೆವು.