ಡ್ರೈವರನಿಗೆ ಕಾಣದ ಸೈಕಲ್

ಶಹಾಬಾದಿನಲ್ಲಿ ಸೈಕಲ್ ತುಳಿದ ಮೊದಲ ಹೆಂಗಸು ನಾನೇ ಎಂದರೆ ಯಾರಾದರೂ ಜಗಳಕ್ಕೆ ಬರಬಹುದು. ಬರಲಿ. ನಮ್ಮ ಓಣಿಯಲ್ಲಂತೂ ನಾನೇ, ಅದರಲ್ಲಿ ಎರಡು ಮಾತಿಲ್ಲ. ಎಪ್ಪತ್ತರ ದಶಕದ ಸಂಗತಿ. ನಾನು ದವಾಖಾನೆಯ ನರ್ಸು. ಕಲ್ಲಿನ ಖಣಿಗಳ ಸುತ್ತಲಿನ ಹಳ್ಳಿಗಳಿಗೆ ಹೋಗಿ ಬಸುರಿ, ಬಾಣಂತಿಯರನ್ನು ನೋಡಿ ಬರುವುದು ನನ್ನ ಕೆಲಸ. ನಡೆದು ಹೋದರೆ ಒಂದೇ ಹಳ್ಳಿಗೆ ಹೊತ್ತು ಮುಳುಗುತ್ತಿತ್ತು. ಹತ್ತಿರದ ವಾಡಿ ಜಂಕ್ಷನ್ನಿನಿಂದ ವರ್ಗವಾಗಿ ಹೊರಟಿದ್ದ ರೈಲ್ವೆಯವರೊಬ್ಬರ ಮನೆಯಿಂದ ಹಳೆಯ ಲೇಡೀಸ್ ಸೈಕಲ್ ಕೊಂಡು ತಂದೆವು. ಆಮೇಲೆ ದೂರದ ಹಳ್ಳಿಗಳನ್ನೂ ಮುಗಿಸಿ ಊಟದ ಹೊತ್ತಿಗೆ ಮನೆಯಲ್ಲಿರುತ್ತಿದ್ದೆ.

ಊರ ಹೊರಗೆ, ನೆಲಕ್ಕೆ ಹಾಸುವ ಪರಸಿ ಕಲ್ಲಿಗೆ ಪಾಲಿಶ್ ಹಾಕುವ ಯಾರ್ಡಿನ ಹತ್ತಿರ ರಸ್ತೆ ತಿರುಗುತ್ತದೆ. ಒಂದು ಮುಂಜಾನೆ ಆ ತಿರುವಿನಲ್ಲಿ ಎದುರಿನಿಂದ ಬಂದ ಬಸ್ಸು, ಹಾದಿಯಲ್ಲಿ ಯಾರೂ ಇಲ್ಲವೆಂಬಂತೆ ನನ್ನ ಕಡೆಗೇ ಹೊರಳಿತು. ಹ್ಯಾಂಡಲ್ ತಿರುಗಿಸಿ, ಕಲ್ಲಿನ ಚೂರು ಸುರಿಯುವ ತಗ್ಗಿಗೆ ಬಿದ್ದೆ. ಮೊಣಕೈ ತರಚಿತು. ಡ್ರೈವರ್ ಬಸ್ಸು ನಿಲ್ಲಿಸಿ ಓಡಿ ಬಂದ.

"ದೇವರಾಣಿ ಬಾಯಾರ, ನಾ ನೋಡಿದೆ. ಲಾರಿ ಬರ್ತದೇನಂತ ನೋಡಿದೆ, ಬಂಡಿ ಬರ್ತದೇನಂತ ನೋಡಿದೆ. ರಸ್ತಾ ಖಾಲಿ ಇತ್ತು."

"ನಾ ಇದ್ದೆನಲ್ಲ?"

"ನೀವು ಕಾಣಲೇ ಇಲ್ರಿ."

ಸಿಟ್ಟು ನೆತ್ತಿಗೇರಿತು. ಬೆಳ್ಳಂಬೆಳಗಿನಲ್ಲಿ ಬೆಲ್ ಹೊಡೆಯುತ್ತ ಬರುವ ಗಟ್ಟಿ ಹೆಂಗಸು ಕಾಣದಿರಲು ನಾನೇನು ಗಾಳಿಯೇ? ಆದರೆ ಅವನು ತಗ್ಗಿಗಿಳಿದು ನನ್ನ ಸೈಕಲ್ಲನ್ನು ತಾನೇ ಎತ್ತಿ ನಿಲ್ಲಿಸಿದ. ಸುಳ್ಳು ಹೇಳುತ್ತಿಲ್ಲ ಅನ್ನಿಸಿತು.

ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದೆ. ನನ್ನ ಗಂಡ ಮೊಣಕೈ ನೋಡಿ, "ನಾಳಿಂದ ಸೈಕಲ್ ಬ್ಯಾಡ, ಮಾರಿಬಿಡ್ತೀನಿ" ಅಂದರು. ಸೈಕಲ್ ಹೋದರೆ ದೂರದ ಹಳ್ಳಿಗಳ ಬಾಣಂತಿಯರಿಗೆ ನಾನೂ ಇಲ್ಲ.

ಅತ್ತೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನನ್ನ ಸೈಕಲ್ಲನ್ನು ಒಂದು ದಿನವೂ ಹೊಗಳಿದವರಲ್ಲ. ತಲೆ ಎತ್ತದೆ ಮಗನಿಗೆ ಹೇಳಿದರು:

"ಕಣ್ಣಿಗೆ ಕಾಣ್ಲಿಲ್ಲ ಅಂದಾಂವ ಅವ. ಬಿಡೂದಿದ್ರ ಅವನೇ ಬಸ್ಸು ಬಿಡಲಿ. ಈಕಿ ಯಾಕ ಸೈಕಲ್ ಬಿಡಬೇಕು?"

ಆಮೇಲೆ ನನ್ನ ಕಡೆ ತಿರುಗಿದರು. "ಹೋದ ವರ್ಷ ನನ್ನ ಮೂಗುಬಟ್ಟು ಇದೇ ಮೊರದಾಗ ಬಿದ್ದಿತ್ತು, ನೆಪ್ಪದ? ಕಣ್ಣ ಮುಂದೇ ಇತ್ತು. ನಾ ಜೋಳದಾಗಿನ ಕಲ್ಲು-ಹಳ್ಳು ಹುಡುಕ್ಲಿಕತ್ತಿದ್ದೆ, ಹಳ್ಳೇ ಕಂಡ್ವು. ಡ್ರೈವರಂದೂ ಹಂಗೇ. ಹೆಣ್ಮಗಳು ಸೈಕಲ್ ಮ್ಯಾಲ ಬರ್ತಾಳಂತ ಅವನ ತಲಿಯಾಗೇ ಇಲ್ಲ. ನೀ ದಿನಾ ಹೋಗು. ಹುಡುಕೂದು ಕಲೀತಾನ."

"ಅಂವ ಕಲಿಯೂತನಕ ಏನು ಮಾಡಬೇಕು?" ಎಂದರು ನನ್ನ ಗಂಡ.

"ತಿರುವಿನ್ಯಾಗ ಇಳಿದು ನಿಂದ್ರತಾಳ. ಅಕಿಗೇನು ಬುದ್ಧಿ ಇಲ್ಲೇನು?"

ಅತ್ತೆಯ ಬಾಯಿಂದ ನನ್ನ ಬುದ್ಧಿಗೆ ಸಿಕ್ಕ ಮೊದಲ ಸರ್ಟಿಫಿಕೇಟ್ ಅದು. ಮರುದಿನದಿಂದ ತಿರುವು ಬರುವ ಮೊದಲೇ ಇಳಿದು, ಅಂಚಿಗೆ ನಿಂತು, ಬೆಲ್ ಹೊಡೆದು, ಬಸ್ಸೇ ಇರಲಿ ಲಾರಿಯೇ ಇರಲಿ, ಡ್ರೈವರನ ಕಣ್ಣು ನನ್ನ ಕಣ್ಣಿಗೆ ಕೂಡುವವರೆಗೆ ದಿಟ್ಟಿಸುತ್ತಿದ್ದೆ. ಬಸ್ಸಿನವರು ಕಿಟಕಿಯಿಂದ ಕತ್ತು ಹೊರಹಾಕಿ ನಗುತ್ತಿದ್ದರು. ನಗಬೇಕಾದರೂ ಮೊದಲು ನಾನು ಕಾಣಬೇಕಲ್ಲ! ನನಗೆ ನಾಚಿಕೆ ಆಗಲಿಲ್ಲ. ಆ ರಸ್ತೆಯಲ್ಲಿ ಬುಟ್ಟಿ ಹೊತ್ತು ನಡೆಯುವವರು, ಖಣಿಗೆ ಹೋಗುವವರು, ಕುರಿ ಹಿಂದೆ ಬರುವವರು ಎಷ್ಟೋ ಜನ. ದೊಡ್ಡ ಗಾಡಿಯನ್ನಷ್ಟೇ ಹುಡುಕುವ ಕಣ್ಣಿಗೆ ಅವರೂ ಕಾಣುತ್ತಿರಲಿಲ್ಲ. ಅವರೆಲ್ಲರ ಪರವಾಗಿ ನಾನೇ ಬೆಲ್ ಹೊಡೆಯುತ್ತಿದ್ದೇನೆ ಎಂಬ ಜಂಬವೂ ಸ್ವಲ್ಪ ಇತ್ತು.

ಮಳೆಗಾಲದಲ್ಲಿ ಜ್ವರ ಬಂದು ಕೆಲವು ದಿನ ಮಲಗಿದೆ. ಗುಣವಾಗಿ ಮತ್ತೆ ಹೊರಟ ದಿನ, ನಾನು ಇಳಿಯುವ ಮೊದಲೇ ಅದೇ ಬಸ್ಸು ತಿರುವಿನಲ್ಲಿ ನಿಂತಿತ್ತು. ಅದೇ ಡ್ರೈವರ್ ತಲೆ ಹೊರಗೆ ಹಾಕಿದ.

"ಎಲ್ಲಿ ಹೋಗಿದ್ರಿ ಬಾಯಾರ? ನೀವು ಇಲ್ಲದಿದ್ರೂ ಇಲ್ಲಿ ಬಂದ್ರ ಕಾಲು ಬ್ರೇಕಿಗೇ ಹೋಗ್ತದ. ಕಂಡಕ್ಟರ್ ನಗ್ಲಿಕತ್ತಾನ. ಹೋಗ್ರಿ, ಮೊದಲು ನೀವು ಹೋಗ್ರಿ."

ಇಡೀ ಬಸ್ಸು ನೋಡುತ್ತಿತ್ತು. ನಾನು ಸೈಕಲ್ಲಿನಿಂದ ಇಳಿಯಲಿಲ್ಲ.