ನಮ್ಮ ಕಾಲೇಜು ಮೆಚ್ಯೂರ್ ಆದ ದಿನ

ಪದ್ಮಾ, ಆ ಪಾಠಗಳು ನಿನ್ನವು ಎಂದು ಅವತ್ತು ನಾನು ಹೇಳಲಿಲ್ಲ. ನನ್ನವು ಎಂದೆ. ಇಷ್ಟು ವರ್ಷ ನಿನ್ನ ಮನೆಯ ಕಾಫಿ ಕುಡಿದುಕೊಂಡು, ನಿನ್ನ ತಮಾಷೆಗೆಲ್ಲ ನಕ್ಕುಕೊಂಡು ಇದನ್ನು ಮುಚ್ಚಿಟ್ಟೆನಲ್ಲ — ನನ್ನ ಮುಖಕ್ಕಿಷ್ಟು.

ನೆನಪಿದೆಯಾ? ಕಾಲೇಜುಗಳ ‘ಡಿಜಿಟಲ್ ಮೆಚ್ಯೂರಿಟಿ’ ಅಳೆಯಲು ವಿಶ್ವವಿದ್ಯಾಲಯದ ಸಮಿತಿ ಮಧುಗಿರಿಗೂ ಬರುತ್ತದೆ ಎಂದಾಗ, ಸ್ಟಾಫ್ ರೂಮಿನಲ್ಲಿ ನೀನು ಬಿದ್ದು ಬಿದ್ದು ನಕ್ಕಿದ್ದೆ.

“ನಮ್ ಕಾಲೇಜು ಮೆಚ್ಯೂರ್ ಆಗೈತಾ ಅಂತ ನೋಡಕ್ ಬತ್ತಾರಾ? ಅಂಗಾದ್ರೆ ಒಸಗೆ ಮಾಡ್ಬೇಕು ಕಣಕ್ಕ. ಚಿಗಳಿ, ತಂಬಿಟ್ಟು ನಂದು.”

ನಮ್ಮ ಕಡೆ ಹುಡುಗಿ ದೊಡ್ಡವಳಾದರೆ ‘ಮೆಚ್ಯೂರ್ ಆದಳು’ ಅನ್ನುತ್ತಾರೆ; ಆಗ ಎಳ್ಳಿನ ಚಿಗಳಿ, ತಂಬಿಟ್ಟು ಹಂಚಿ ಮಾಡುವ ಆರತಿಯೇ ಒಸಗೆ. ಪ್ರಿನ್ಸಿಪಾಲರು ನಗು ತಡೆಯಲಾರದೆ ಹೊರಗೆ ಹೋದರು.

ಸಮಿತಿಯ ಮುಂದೆ ಸ್ಮಾರ್ಟ್ ಬೋರ್ಡ್ ಕೈಕೊಟ್ಟಿತು. ಉಸ್ತುವಾರಿ ನನ್ನದು, ಬೆವರು ಒರೆಸಿಕೊಳ್ಳುತ್ತಾ ನಿಂತಿದ್ದೆ. ಆಗ ಪಾವಗಡದ ಬಸ್ಸಿನಲ್ಲಿ ಬರುವ ಹುಡುಗಿಯೊಬ್ಬಳು ತನ್ನ ಫೋನಿನಲ್ಲಿ ನಿನ್ನ ಇತಿಹಾಸದ ಪಾಠ ಹಾಕಿ, ನನ್ನ ಕೈಗೆ ಕೊಟ್ಟು ಹೋದಳು. ಬಸ್ಸಿನಲ್ಲಿ ಕೇಳಿಕೊಂಡು ಬರಲಿ ಎಂದು ನೀನು ಆಂಧ್ರದ ಗಡಿಯ ವೈ.ಎನ್. ಹೊಸಕೋಟೆಯ ಮನೆಯಲ್ಲಿ ಕೂತು ವಾಟ್ಸಾಪಿಗೆ ಕಳಿಸುತ್ತಿದ್ದ ಪಾಠ, ಅರ್ಧ ಕನ್ನಡ, ಅರ್ಧ ತೆಲುಗು.

“ಅರ್ಥ ಆಯ್ತಾ? ಅರ್ಥಮಯ್ಯಿಂದಾ? ಆಗ್ನಿಲ್ವಾ — ಇರ್ಲಿ ಬುಡ್ರಿ, ಇನ್ನೊಂದ್ಸಾರಿ ಯೋಳ್ತೀನಿ.”

ಸಮಿತಿಯ ಹಿರಿಯರ ಮುಖ ಅರಳಿತು. “ನಾವು ಹುಡುಕ್ತಾ ಇದ್ದಿದ್ದು ಇದನ್ನೇ. ಯಾರ ಕೆಲಸ ಇದು?”

ತೆಲುಗು ಕೇಳಿ ನಗುತ್ತಾರೆ, ಆ ಪಾಠಗಳ ಮಾತು ಅವರೆದುರು ತೆಗೆಯಬೇಡ ಎಂದು ನಿನಗೆ ತಾಕೀತು ಮಾಡಿದ್ದವಳು ನಾನೇ. ಆದರೂ —

“ಯೋಜನೆ ನನ್ನದು ಸರ್. ಮಾತಾಡಿರೋರು ಯಾರೋ ಗೆಸ್ಟ್ ಲೆಕ್ಚರರ್.”

ಯಾರೋ. ಆ ಯಾರೋ ಆಗ ಕೆಳಗೆ ಅವರ ಊಟಕ್ಕೆ ಎಲೆ ಹಾಕಿಸುತ್ತಿದ್ದಳು.

ನಮಗೆ ಮೇಲಿನ ದರ್ಜೆ ಸಿಕ್ಕಿತು. ಹೇಳಿದ ಹಾಗೇ ನೀನು ಚಿಗಳಿ, ತಂಬಿಟ್ಟು ತಂದೆ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಡಸ್ಟರಿನಲ್ಲಿ ಆರತಿ ಎತ್ತಿ, ಸೋಬಾನೆ ಹಾಡಿದೆ. ಅಷ್ಟು ನಗು ಆ ರೂಮಿನಲ್ಲಿ ಮತ್ತೆಂದೂ ಕೇಳಲಿಲ್ಲ. ನಾನೂ ನಕ್ಕೆ. ಮರುವರ್ಷ ಅತಿಥಿ ಉಪನ್ಯಾಸಕರನ್ನು ಕಡಿಮೆ ಮಾಡಿದರು. ನಿನ್ನನ್ನು ಉಳಿಸಿಕೊಳ್ಳಲು ತೋರಿಸಬಹುದಾದ ಸಾಧನೆ ಅದೊಂದೇ ಇತ್ತು, ಅದು ನನ್ನ ಹೆಸರಿನಲ್ಲಿತ್ತು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಕೆಲಸ ಹೋದರೂ ನೀನು ಮಕ್ಕಳಿಗೆ ಪಾಠ ಕಳಿಸುವುದನ್ನು ನಿಲ್ಲಿಸಲಿಲ್ಲ.

ಸಮಿತಿ ಈಗ ಮತ್ತೆ ಬರುತ್ತಿದೆ. ಇವತ್ತು ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಎದ್ದು ನಿಂತು ನಿಜ ಹೇಳಿಬಿಟ್ಟೆ. ಆಮೇಲೆ ಪ್ರಿನ್ಸಿಪಾಲರು, “ಇದನ್ನ ಆಯಮ್ಮಂಗೆ ಹೇಳಿದ್ದೀರೇನಮ್ಮಾ?” ಅಂದರು.

ಅದಕ್ಕೇ ನಿನ್ನ ಊರಿಗೆ ಬರಲು ಪಾವಗಡದ ಬಸ್ಸು ಹತ್ತಿದ್ದೇನೆ. ಇದನ್ನೆಲ್ಲ ಫೋನಿನಲ್ಲಿ ಬರೆದುಕೊಳ್ಳುತ್ತಿದ್ದೇನೆ. ಕಳಿಸುವುದಿಲ್ಲ, ನಿನ್ನೆದುರು ಕೂತು ಓದುತ್ತೇನೆ. ನೀನು ಬೈದರೂ ಸರಿ, ಬಾಗಿಲಲ್ಲೇ ನಿಲ್ಲಿಸಿದರೂ ಸರಿ. ಸಮಿತಿ ಕೇಳಿದಾಗ ಈ ಸಲ ನಿನ್ನ ಹೆಸರು, ನಿನ್ನ ಊರಿನ ಸಮೇತ. ತೊಡೆಯ ಮೇಲಿನ ಡಬ್ಬಿಯಲ್ಲಿ ನಾನೇ ಕಟ್ಟಿದ ತಂಬಿಟ್ಟು ಆಗಲೇ ಪುಡಿಯಾಗಿದೆ. ಅದನ್ನು ನೋಡಿಯಾದರೂ ನೀನು ನಗುತ್ತೀಯೇನೋ — ಯಾಕೋ ಖುಷಿಯಾಗುತ್ತಿದೆ, ಪದ್ಮಾ, ಭಯದಲ್ಲೂ ಖುಷಿ.

ಕಿವಿಯಲ್ಲಿ ನಿನ್ನ ಪಾಠ ಓಡುತ್ತಿದೆ. “ಅರ್ಥ ಆಯ್ತಾ?” ಅಂದೆ ನೀನು ಈಗಷ್ಟೇ. “ಆಯ್ತು” ಎಂದು ಜೋರಾಗಿಯೇ ಹೇಳಿಬಿಟ್ಟೆ. ಕಂಡಕ್ಟರ್ ತಿರುಗಿ ನೋಡಿದ.