ತಿಕೋಟಾಕ್ಕೆ ತಂದ ಬಲ್ಬು

ತಿಕೋಟಾದಿಂದ ಹೊರಟಾಗ ಎದೆಯುಬ್ಬಿಸಿಕೊಂಡು ಹೊರಟಿದ್ದೆ. ಈಗ ಬರೆಯಲು ಕೂತರೆ ನಾಚಿಕೆಯಿಂದ ಕೈ ತಡೆಯುತ್ತದೆ. ನಮ್ಮ ಕಡೆಯ ಕೆಲವು ಊರುಗಳು ಕೂಡಿ ಕರೆಂಟು ಕೊಂಡು, ಕಂಬ, ತಂತಿ, ರಿಪೇರಿ ಎಲ್ಲವನ್ನೂ ಜೊತೆಯಾಗಿ ನೋಡಿಕೊಳ್ಳುತ್ತಿದ್ದ ಕಾಲವದು. ಬಬಲೇಶ್ವರವೂ ಸೇರಿದರೆ ಎಲ್ಲರಿಗೂ ಅಗ್ಗವಾಗುತ್ತಿತ್ತು. ಅವರನ್ನು ಒಪ್ಪಿಸುವ ಕೆಲಸ, ಮಾತು ಬಲ್ಲವನೆಂದು, ನನಗೇ ಬಂತು.

ಬೆಳಗಿನ ಬಸ್ಸಿಗೆ ವಿಜಾಪುರ ಮುಟ್ಟಿ, ಗಾಂಧಿ ಚೌಕದಲ್ಲಿ ಚುರಮುರಿ, ಮಿರ್ಚಿ ತಿಂದೆ. ಮುಂದಿನ ಬಸ್ಸು ಸಾರವಾಡದ ಹತ್ತಿರ ಕೆಟ್ಟು ನಿಂತಿತು. ಚುರುಗುಡುವ ಬಿಸಿಲಲ್ಲಿ ಇಳಿದು ತಳ್ಳಿದೆವು. ಬಬಲೇಶ್ವರ ತಲುಪಿದಾಗ ಸಂತೆ ತುಂಬಿತ್ತು.

ಚಾವಡಿಯ ಮುಂದೆ ಜನ ಸೇರಿದರು.

"ರೊಕ್ಕಾ ನಾವು ಕೊಡೋದು, ದೀಪ ದೊಡ್ಡವರ ಮನ್ಯಾಗ ಉರಿಯೋದು. ಅಷ್ಟ ಅಲ್ಲೇನ್ರಿ?" ಎಂದು ಮುದುಕನೊಬ್ಬ ಕೇಳಿದ.

"ನಮ್ಮೂರಾಗ ಹಂಗಿಲ್ಲರಿ. ಎಲ್ಲಾ ಓಣ್ಯಾಗೂ ದೀಪ ಅದಾವ" ಎಂದೆ. ಹಾಗೆಂದೇ ನಂಬಿದ್ದೆ.

ಹಿಂದೆ ನಿಂತಿದ್ದ, ಕಾಯಿಪಲ್ಲೆ ಮಾರುವ ಸಂತವ್ವ ಎಂಬಾಕೆ ಮುಂದೆ ಬಂದಳು. "ನನ್ನ ಮಗಳು ರತ್ನಾನ್ನ ನಿಮ್ಮೂರ ಕೆಳಗಿನ ಓಣಿಗೆ ಕೊಟ್ಟೇನ್ರಿ. ಆಕಿ ಮನ್ಯಾಗೂ ಉರೀತದೇನ್ರಿ?"

"ಊರಿಗೆಲ್ಲಾ ಬಂದಮ್ಯಾಲ ಆಕಿ ಮನೀಗೆ ಬರಾಂಗಿಲ್ಲೇನವಾ?"

"ಹಂಗಾರ ನಾವೂ ಕೂಡತೇವ್ರಿ" ಎಂದು ಆಕೆ ತನ್ನ ಓಣಿಯವರ ಕಡೆ ತಿರುಗಿದಳು. ಅವರೆಲ್ಲ ಕೈಯೆತ್ತಿದರು. ಊರು ಒಪ್ಪಿತು. ಹೊರಡುವಾಗ ಆಕೆ ಸೆರಗಿನ ಗಂಟು ಬಿಚ್ಚಿ ದುಡ್ಡು ಕೊಟ್ಟು, "ವಿಜಾಪುರದಾಗ ಒಂದು ಛಲೋ ಬಲ್ಬ ತಗೊಂಡು ಮಗಳಿಗೆ ಮುಟ್ಟಸ್ರಿ ಯಪ್ಪಾ" ಎಂದಳು.

ಗಾಂಧಿ ಚೌಕದಲ್ಲಿ ಬಲ್ಬು ಕೊಂಡು, ಒಡೆಯದಂತೆ ಟವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಂದೆ. ತಿಕೋಟಾದಲ್ಲಿ ಇಳಿದಾಗ ಹೊತ್ತು ಮುಳುಗುತ್ತಿತ್ತು. ಕೆಳಗಿನ ಓಣಿ, ಹೊಸದಾಗಿ ಬೌದ್ಧರಾದವರ ಓಣಿ. ನಾನು ಹುಟ್ಟಿ ಬೆಳೆದ ಊರಲ್ಲೇ ಇದ್ದರೂ ಅಲ್ಲಿ ಕಾಲಿಟ್ಟದ್ದು ಅಂದೇ ಮೊದಲು. ಕಂಬಗಳು ಬಾವಿಯ ಹತ್ತಿರವೇ ಮುಗಿದಿದ್ದವು. ಅದರಾಚೆ ತಂತಿಯೇ ಇರಲಿಲ್ಲ. ನನಗೆ ನನ್ನ ಮೇಲೆಯೇ ಹೇಸಿಕೆ ಬಂತು.

ಮನೆ ಕೇಳಿಕೊಂಡು ಹೋದೆ. ಬಲ್ಬು ಕಂಡು ರತ್ನಾಳ ಮುಖ ಅರಳಿತು. "ನಮ್ಮ ಓಣಿಗೂ ಬಂತೇನ್ರಿ?"

"ಇಲ್ಲವಾ. ನಿಮ್ಮವ್ವ ಕಳಿಸ್ಯಾಳ. ಎಲ್ಲಾ ಕಡೆ ದೀಪ ಅದಾವಂತ ನಾನ ಹೇಳಿಬಿಟ್ಟೆ. ನಾಳೆ ಹೋಗಿ ಇದ್ದದ್ದು ಹೇಳಿ ಬರ್ತೇನಿ."

ಆಕೆ ಬಲ್ಬನ್ನು ಇಸಿದುಕೊಂಡಳು. "ಅವ್ವನ ಓಣಿಯವರಿಗೆ ಹೇಳ್ರಿ. ಅವ್ವಗ ಮಾತ್ರ ಬ್ಯಾಡ್ರಿ. ಮಗಳ ಮನ್ಯಾಗ ಬೆಳಕೈತಂತ ತಿಳ್ಕೊಂಡಾಳ."

ಕೊನೆಯ ಕಂಬದ ಬಳಿ ನಿಂತು ತಿರುಗಿ ನೋಡಿದೆ. ರತ್ನಾ ಚಿಮಣಿ ಹಚ್ಚಿಕೊಂಡು, ಅದರ ಬೆಳಕಿನಲ್ಲಿ ಆ ಬಲ್ಬನ್ನು ಗೋಡೆಯ ಗೂಡಿನಲ್ಲಿಡುತ್ತಿದ್ದಳು.